ಕರಡಿ, ಕೊಕ್ಕರೆ ಜೊತೆಗೆ ಬಂದರೆ: ಲೆನೋರ್ಮಾಂಡ್ ಜೋಡಿ ಕಾರ್ಡ್ ಓದುವ ಬಗೆ

ಗಿಳಿಶಾಸ್ತ್ರ ನೋಡಿದವರಿಗೆ ಗೊತ್ತು, ಗಿಳಿ ಪಂಜರದಿಂದ ಹೊರಗೆ ಬಂದು ಒಂದೇ ಒಂದು ಕಾರ್ಡ್ ಎಳೆದು ಕೊಡುತ್ತದೆ. ಯುರೋಪಿನ ಲೆನೋರ್ಮಾಂಡ್ ಕಾರ್ಡುಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಒಂಟಿ ಕಾರ್ಡಿಗೆ ಬೆಲೆ ಕಮ್ಮಿ. ಎರಡು ಸೇರಿದಾಗಲೇ ಅದು ಮಾತಾಡುವುದು. ಅದಕ್ಕೇ ಜೋಡಿ ಕಾರ್ಡ್ ಓದುವುದನ್ನು ಕಲಿಯಬೇಕು ಅನ್ನುವವರಿಗೆ ನಾನು ಟ್ಯಾರೋ (ಭವಿಷ್ಯ ಹೇಳೋಕೆ ಬಳಸುವ ಇನ್ನೊಂದು ಬಗೆಯ ಕಾರ್ಡು) ಬಿಟ್ಟು ಮೊದಲು ಇದನ್ನೇ ಹಿಡಿಯಿರಿ ಎನ್ನುತ್ತೇನೆ.

ಉದಾಹರಣೆಗೆ ಕರಡಿ ಮತ್ತು ಕೊಕ್ಕರೆಯ ಜೋಡಿಯನ್ನೇ ತೆಗೆದುಕೊಳ್ಳೋಣ. ಕರಡಿ ಅಂದರೆ ಬಲ. ಕೊಕ್ಕರೆ ಅಂದರೆ ಬದಲಾವಣೆ. ಕೆಲಸ ಬದಲಿಸುವವರು, ಮನೆ ಬದಲಿಸುವವರು, ಮದುವೆ ಅಥವಾ ನಿವೃತ್ತಿಯ ಹೊಸ್ತಿಲಲ್ಲಿ ನಿಂತವರು ಕಾರ್ಡ್ ಎತ್ತಿದಾಗ ಈ ಜೋಡಿ ಬಂದರೆ ಸಾಮಾನ್ಯವಾಗಿ ಒಂದೇ ಸಾಲು ಹೇಳಿ ಮುಗಿಸುತ್ತಾರೆ: "ಧೈರ್ಯವಾಗಿ ಮುಂದೆ ಹೋಗಿ, ಒಳ್ಳೆಯದಾಗುತ್ತೆ." ಕೇಳೋಕೆ ಚೆನ್ನಾಗಿದೆ. ಆದರೆ ಕಾರ್ಡಿನಲ್ಲಿರುವುದು ಅದಲ್ಲ. ಆ ಬಲ ಯಾರದು ಅನ್ನುವ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ.

ಮೊದಲು ಕಟ್ಟಿನ ಪರಿಚಯ

ಲೆನೋರ್ಮಾಂಡ್ ಕಟ್ಟಿನಲ್ಲಿ 36 ಕಾರ್ಡುಗಳಿವೆ. ಇದು ಹುಟ್ಟಿದ್ದು ಭವಿಷ್ಯ ಹೇಳುವುದಕ್ಕಲ್ಲ, ಆಟಕ್ಕೆ. 1799ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕಾಸ್ಪರ್ ಹೆಖ್ಟೆಲ್ ಎಂಬುವರು 'ಭರವಸೆಯ ಆಟ' ಅಂತ ಒಂದು ಆಟ ಮಾಡಿದರು. 36 ಕಾರ್ಡುಗಳನ್ನು ಆರು ಸಾಲಲ್ಲಿ ಹಾಸಿ, ದಾಳ ಹಾಕಿ ಕಾಯಿ ನಡೆಸುವ ಆಟ. 35ನೇ ಮನೆಯಲ್ಲಿರುವ ಲಂಗರು ಮುಟ್ಟಿದವರು ಗೆದ್ದಂತೆ. ಹೆಚ್ಚುಕಮ್ಮಿ ನಮ್ಮ ಪರಮಪದ ಸೋಪಾನದ ಥರ. ಆಮೇಲೆ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದ ಕಣಿಗಾರ್ತಿ ಮಾರಿ ಆನ್ ಲೆನೋರ್ಮಾಂಡ್ 1843ರಲ್ಲಿ ತೀರಿಕೊಂಡರು. ಅವರ ಹೆಸರಿಗೆ ಮಾರುಕಟ್ಟೆ ಇತ್ತು. ವ್ಯಾಪಾರಿಗಳು ಈ 36 ಕಾರ್ಡುಗಳಿಗೆ ಅದೇ ಹೆಸರು ಅಂಟಿಸಿ ಮಾರಿದರು. ಹಾಗಾಗಿ ಇದು "ಲೆನೋರ್ಮಾಂಡ್ ಬರೆದ ಪುರಾತನ ರಹಸ್ಯ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಕಟ್ಟು ಕೊಳ್ಳಲೇಬೇಕು ಅಂತೇನಿಲ್ಲ. ಮನೆಯಲ್ಲಿರುವ ಇಸ್ಪೀಟ್ ಕಟ್ಟಿನಿಂದ ಎರಡರಿಂದ ಐದರವರೆಗಿನ ಎಲೆಗಳನ್ನು ತೆಗೆದಿಡಿ. ಆರರಿಂದ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಉಳಿಯುತ್ತವೆ. ನಾಲ್ಕು ಬಣ್ಣಕ್ಕೆ ಒಂಬತ್ತೊಂಬತ್ತು, ಒಟ್ಟು 36. ಲೆನೋರ್ಮಾಂಡಿನ ಪ್ರತಿ ಚಿತ್ರಕ್ಕೂ ಒಂದೊಂದು ಇಸ್ಪೀಟ್ ಎಲೆ ಇದೆ. ಹಳೆಯ ಕಟ್ಟುಗಳಲ್ಲಿ ಚಿತ್ರದ ಜೊತೆ ಆ ಎಲೆಯನ್ನೂ ಅಚ್ಚು ಹಾಕಿರುತ್ತಾರೆ. 15ನೇ ಕಾರ್ಡ್ ಕರಡಿ, ಅದರ ಎಲೆ ಕಳಾವರ್ ಹತ್ತು. 17ನೇ ಕಾರ್ಡ್ ಕೊಕ್ಕರೆ, ಅದರ ಎಲೆ ಆಟೀನ್ ರಾಣಿ. ಎಲೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಹೆಸರು ಬರೆದುಕೊಂಡರೆ ಸಾಕು, ಕಲಿಯೋಕೆ ಧಾರಾಳವಾಯಿತು.

ಈ ಎಲೆಗಳಲ್ಲೇ ಒಂದು ಸುಳಿವಿದೆ. ಕಳಾವರ್ ಬಣ್ಣದಲ್ಲಿ ಬರುವ ಚಿತ್ರಗಳನ್ನು ಒಂದು ಸಾಲಲ್ಲಿ ಜೋಡಿಸಿ ನೋಡಿ: ಮೋಡ, ಹಾವು, ಚಾಟಿ, ನರಿ, ಕರಡಿ, ಬೆಟ್ಟ, ಇಲಿ, ಶಿಲುಬೆ, ಉಂಗುರ. ಉಂಗುರ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ತಲೆನೋವಿನ ಕಾರ್ಡುಗಳೇ. ಬಲದ ಕಾರ್ಡು ಅಂತ ನಾವು ಹೊಗಳುವ ಕರಡಿ ಕೂತಿರುವುದು ಈ ಗುಂಪಿನ ನಡುವೆ. ಆಟೀನ್ ಬಣ್ಣದಲ್ಲಿ ನೋಡಿದರೆ ಮನೆ, ಮರ, ನಾಯಿ, ನಕ್ಷತ್ರ, ಹೃದಯ, ಕೊಕ್ಕರೆ. ಎಲ್ಲ ಮನೆಮಂದಿಯಂಥವು. ಅಂದರೆ ಹಳಬರ ಕಣ್ಣಲ್ಲಿ ಕೊಕ್ಕರೆ ನೆಂಟ. ಕರಡಿಯನ್ನು ಮಾತ್ರ ಸ್ವಲ್ಪ ದೂರದಿಂದಲೇ ನೋಡಬೇಕು.

ಪ್ರಶ್ನೆ ಕಟ್ಟುವುದು

ಕಾರ್ಡ್ ಕಲೆಸುವ ಮುಂಚೆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬಾಯಲ್ಲಿ ಕೇಳಿದ ಪ್ರಶ್ನೆ ಕಾರ್ಡ್ ನೋಡಿದ ಮೇಲೆ ನಿಧಾನಕ್ಕೆ ಬದಲಾಗುತ್ತದೆ. ಬರೆದಿದ್ದು ಬದಲಾಗುವುದಿಲ್ಲ. "ನನ್ನ ಜೀವನ ಯಾವಾಗ ಬದಲಾಗುತ್ತೆ?" ಅನ್ನುವುದು ಪ್ರಶ್ನೆಯೇ ಅಲ್ಲ, ಅದು ನಿಟ್ಟುಸಿರು. "ಕೆಲಸ ಬಿಡಲಾ ಬೇಡವಾ?" ಅನ್ನುವುದಕ್ಕೂ ಎರಡು ಚಿತ್ರಗಳು ಉತ್ತರ ಕೊಡಲಾರವು. ಒಂದು ವಿಷಯ, ಒಂದು ಅವಧಿ, ಅಷ್ಟಿರಲಿ. "ಮುಂದಿನ ಮೂರು ತಿಂಗಳಲ್ಲಿ ಈ ಕೆಲಸದ ವಿಷಯದಲ್ಲಿ ನಾನು ಏನನ್ನು ಗಮನಿಸಬೇಕು?" ಇಷ್ಟಾದರೆ ಸಾಕು.

ಆಮೇಲೆ ಕಲೆಸಿ, ಕಟ್ ಮಾಡಿ, ಮೇಲಿನ ಎರಡು ಎಲೆ ತೆಗೆದು ಎಡದಿಂದ ಬಲಕ್ಕೆ ಇಡಿ. ಕಾರ್ಡ್ ತಲೆಕೆಳಗಾಗಿ ಬಂದರೆ ನೇರ ಮಾಡಿ. ಲೆನೋರ್ಮಾಂಡಿನಲ್ಲಿ ತಲೆಕೆಳಗಾದ ಕಾರ್ಡಿಗೆ ಬೇರೆ ಅರ್ಥ ಇಲ್ಲ.

ಬಿಡಿ ಅರ್ಥ, ಬೇಗ ಮುಗಿಸೋಣ

ಕರಡಿ: ಮೇಲಧಿಕಾರಿ, ಮನೆಯ ಯಜಮಾನ ಅಥವಾ ಯಜಮಾನಿ, ತಾಯಿ, ಅಧಿಕಾರ, ರಕ್ಷಣೆ. ಜೊತೆಗೆ ಹೊಟ್ಟೆಕಿಚ್ಚು, "ಇದು ನಂದು" ಅನ್ನುವ ಹಿಡಿತ. ಕೆಲವರು ಹಣಕಾಸನ್ನೂ ಕರಡಿಗೇ ಸೇರಿಸುತ್ತಾರೆ, ಕೆಲವರು ಹಣವನ್ನು ಪೂರ್ತಿ ಮೀನಿನ ಕಾರ್ಡಿಗೆ ಬಿಟ್ಟುಕೊಡುತ್ತಾರೆ. ಎರಡೂ ಪದ್ಧತಿ ಇದೆ. ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ, ಉತ್ತರ ಚೆನ್ನಾಗಿ ಬರಲಿ ಅಂತ ಮಧ್ಯೆ ಪಕ್ಷ ಬದಲಿಸಬೇಡಿ.

ಕೊಕ್ಕರೆ: ಜಾಗ ಬದಲಾವಣೆ, ವರ್ಗಾವಣೆ, ಸುಧಾರಣೆ, ಮರಳಿ ಬರುವುದು, ಮಗು. ಯುರೋಪಿನ ಹಳ್ಳಿಗಳಲ್ಲಿ ಕೊಕ್ಕರೆ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿ, ವಸಂತಕ್ಕೆ ವಾಪಸ್ ಬಂದು ಅದೇ ಚಾವಣಿಯ ಮೇಲೆ ಗೂಡು ಕಟ್ಟುತ್ತದೆ. ಮಗುವನ್ನು ಕೊಕ್ಕಲ್ಲಿ ಹಿಡಿದು ತರುತ್ತದೆ ಅನ್ನುವ ಕತೆಯೂ ಅಲ್ಲಿಯದೇ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರಿಗೆ ಈ ಕಾರ್ಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಕೊಕ್ಕರೆ, ಹೆಜ್ಜಾರ್ಲೆಗಳು ವರ್ಷ ವರ್ಷ ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗುತ್ತವೆ. ಊರವರು ಅವನ್ನು ಶುಭ ಅಂತಲೇ ಕಾಣುತ್ತಾರೆ. ಇದರಿಂದ ಓದುವವರಿಗೆ ಸಿಗುವ ಅಂಶ ಒಂದಿದೆ: ಕೊಕ್ಕರೆ ತರುವ ಬದಲಾವಣೆ ಸಿಡಿಲಿನಂತೆ ಬರುವುದಿಲ್ಲ. ಅದಕ್ಕೊಂದು ಋತು ಇರುತ್ತದೆ, ಬರುವ ಸೂಚನೆ ಮೊದಲೇ ಸಿಕ್ಕಿರುತ್ತದೆ. ದಿಢೀರ್ ಕತ್ತರಿಸುವ ಕೆಲಸ ಕುಡುಗೋಲಿನದು, ಅದು ಬೇರೆ ಕಾರ್ಡ್.

ಯಾವುದು ಮೊದಲು?

ಇಲ್ಲಿ ಸ್ವಲ್ಪ ನಿಲ್ಲಿ, ಇಡೀ ವಿದ್ಯೆ ಇರುವುದು ಇಲ್ಲೇ. ಎಡಗಡೆಯ ಕಾರ್ಡ್ ವಿಷಯ. ಬಲಗಡೆಯದು ಆ ವಿಷಯ ಎಂಥದ್ದು, ಅದಕ್ಕೇನಾಗುತ್ತಿದೆ ಅಂತ ಹೇಳುತ್ತದೆ. ಹೀಗಾಗಿ ಕರಡಿ–ಕೊಕ್ಕರೆ ಬೇರೆ, ಕೊಕ್ಕರೆ–ಕರಡಿ ಬೇರೆ.

ಕರಡಿ ಮೊದಲು ಬಂದರೆ ಮಾತು ಬಲದ ಬಗ್ಗೆ, ಆ ಬಲ ಜಾಗ ಬದಲಿಸುತ್ತಿದೆ. ಬಾಸ್ ಬದಲಾಗುತ್ತಾರೆ. ಮನೆಯ ಹಿಡಿತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಅಮ್ಮ ಊರಿಂದ ಬಂದು ನಿಮ್ಮ ಜೊತೆ ಇರುತ್ತಾರೆ, ಅಥವಾ ಇಲ್ಲಿಂದ ಹೋಗುತ್ತಾರೆ. ಗಮನಿಸಿ, ಇದರಲ್ಲೆಲ್ಲೂ ನೀವು ಬದಲಾಗುತ್ತೀರಿ ಅಂತ ಇಲ್ಲ.

ಕೊಕ್ಕರೆ ಮೊದಲು ಬಂದರೆ ಮಾತು ಬದಲಾವಣೆಯ ಬಗ್ಗೆ, ಆ ಬದಲಾವಣೆಗೆ ಕರಡಿಯ ಗುಣ ಬಂದಿದೆ. ಅದು ದೊಡ್ಡದು, ಭಾರವಾದದ್ದು, ಅಥವಾ ದೊಡ್ಡವರ ಕೈಲಿರುವಂಥದ್ದು. ಮೇಲಿನಿಂದ ಆರ್ಡರ್ ಬಂದ ವರ್ಗಾವಣೆ. ಮಾವನ ದುಡ್ಡಿನಿಂದ ಕಟ್ಟುವ ಮನೆ. ಹಿರಿಯರೊಬ್ಬರು ಬೆನ್ನಿಗೆ ನಿಂತು ಮಾಡಿಸುವ ಕೆಲಸ.

ಈಗ ಒಂದು ಸಂದರ್ಭಕ್ಕೆ ಹಾಕಿ ನೋಡೋಣ. ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಅಂದುಕೊಳ್ಳಿ. ಪ್ರಮೋಷನ್‌ಗೆ ಅರ್ಜಿ ಹಾಕಬಹುದು, ಆದರೆ ಪ್ರಮೋಷನ್ ಬಂದರೆ ಬೇರೆ ಊರಿಗೆ ಹಾಕುತ್ತಾರೆ. ಮಗ ಐದನೇ ಕ್ಲಾಸು. ಮಗನನ್ನು ನೋಡಿಕೊಳ್ಳುವುದು ಅತ್ತೆ. ಚೀಟಿಯಲ್ಲಿ ಬರೆದ ಪ್ರಶ್ನೆ: "ಅರ್ಜಿ ಹಾಕಿದರೆ ಮುಂದಿನ ಆರು ತಿಂಗಳಲ್ಲಿ ಮನೆಯಲ್ಲಿ ಏನನ್ನು ಗಮನಿಸಬೇಕು?"

ಬಂದದ್ದು ಕೊಕ್ಕರೆ, ಕರಡಿ. ಬದಲಾವಣೆ ಮೊದಲು, ಬಲ ಆಮೇಲೆ. "ನಿಮಗೆ ಶಕ್ತಿ ಇದೆ, ಹೋಗಿ" ಅಂದುಬಿಡುವುದು ಸುಲಭ. ಅದರ ಬದಲು ಕೇಳಿ: ಈ ಮನೆಯಲ್ಲಿ ಕರಡಿ ಯಾರು? ಪ್ರಶ್ನೆ ಮನೆಯ ಬಗ್ಗೆ, ಆದ್ದರಿಂದ ಬ್ಯಾಂಕಿನ ಮೇಲಧಿಕಾರಿಯನ್ನು ಪಕ್ಕಕ್ಕಿಡಿ. ಮಗನ ಊಟ, ಶಾಲೆ, ಜ್ವರ ಎಲ್ಲ ಯಾರ ಕೈಲಿದೆ? ಅತ್ತೆಯ ಕೈಲಿ. ಅಂದಮೇಲೆ ಈ ಬದಲಾವಣೆ ನಿಂತಿರುವುದು ಅತ್ತೆಯ ಬಲದ ಮೇಲೆ. ಅವರು ಜೊತೆಗೆ ಬರುತ್ತಾರಾ? ಊರು ಬಿಡೋಕೆ ಅವರಿಗೆ ಇಷ್ಟ ಇದೆಯಾ? ಅವರ ಮೊಣಕಾಲು ನೋವಿಗೆ ಹೊಸ ಊರಲ್ಲಿ ಎರಡನೇ ಮಹಡಿಯ ಮನೆ ಆಗುತ್ತಾ? ಆಫೀಸಿನ ಫಾರ್ಮ್ ತುಂಬುವ ಮುಂಚೆ ಅತ್ತೆಯ ಹತ್ತಿರ ಕೂತು ಮಾತಾಡಬೇಕು, ಇಷ್ಟೇ ಉತ್ತರ. ಸಣ್ಣ ಉತ್ತರ, ಆದರೆ ಸೋಮವಾರ ಬೆಳಿಗ್ಗೆ ಮಾಡಬಹುದಾದ ಕೆಲಸ.

ಅದೇ ಪ್ರಶ್ನೆಗೆ ಕರಡಿ, ಕೊಕ್ಕರೆ ಅಂತ ಬಂದಿದ್ದರೆ? ಆಗ ಓದು ತಿರುಗುತ್ತದೆ. ಮನೆ ನಡೆಸುವವರಲ್ಲೇ ಏನೋ ಬದಲಾಗುತ್ತಿದೆ. ಅತ್ತೆ ಮಗಳ ಮನೆಗೆ ಹೋಗಿ ಕೆಲವು ತಿಂಗಳು ಇರುವ ಯೋಚನೆಯಲ್ಲಿರಬಹುದು. ನೀವು ಅರ್ಜಿ ಹಾಕಿದರೂ ಹಾಕದಿದ್ದರೂ ಈಗಿನ ಏರ್ಪಾಟು ಹೀಗೇ ಇರುತ್ತೆ ಅಂದುಕೊಳ್ಳಬೇಡಿ, ಅದನ್ನು ಮೊದಲು ವಿಚಾರಿಸಿಕೊಳ್ಳಿ ಅನ್ನುವುದು ಆಗಿನ ಮಾತು.

ಕರಡಿ ಯಾರು ಅಂತ ಹುಡುಕುವುದಕ್ಕೆ ನಾನು ಇಟ್ಟುಕೊಂಡಿರುವ ದಾರಿ ಸರಳ. ಈ ವಿಷಯದಲ್ಲಿ ಸಹಿ ಯಾರದು, ದುಡ್ಡು ಯಾರದು, "ಬೇಡ" ಅಂದರೆ ಎಲ್ಲ ನಿಂತುಹೋಗುವುದು ಯಾರಿಂದ? ಮೂರಕ್ಕೂ ಒಂದೇ ಹೆಸರು ಬಂದರೆ ಅವರೇ ಕರಡಿ. ಬೇರೆ ಬೇರೆ ಹೆಸರು ಬಂದರೆ ಕೊನೆಯ ಪ್ರಶ್ನೆಯ ಉತ್ತರವನ್ನು ಹಿಡಿಯಿರಿ. ಮೂರಕ್ಕೂ ನಿಮ್ಮ ಹೆಸರೇ ಬಂದರೆ ಮಾತ್ರ ಕರಡಿ ನೀವು. ಆಗ ಓದು ಸ್ವಲ್ಪ ಕಹಿಯಾಗಿರಬಹುದು, ಯಾಕಂದರೆ ಹಿಡಿತ ಬಿಡದೆ ಮನೆಮಂದಿಯನ್ನು ಉಸಿರುಗಟ್ಟಿಸುವ ಕರಡಿಯೂ ಇದೆ.

ಹಾಗಂತ ಕರಡಿಯನ್ನು ಬರೀ ಭಯದಿಂದ ನೋಡಬೇಕಿಲ್ಲ. ರಾಮಾಯಣದ ಕರಡಿ ನೆನಪಿದೆಯಲ್ವಾ? ಸಮುದ್ರದ ದಂಡೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಹನುಮಂತನಿಗೆ ಅವನ ಬಲವನ್ನು ನೆನಪು ಮಾಡಿಕೊಟ್ಟವನು ಮುದುಕ ಜಾಂಬವಂತ. ತಾನು ಹಾರಲಿಲ್ಲ, ಹಾರಿಸಿದ. ಲೆನೋರ್ಮಾಂಡ್ ಪುಸ್ತಕಗಳಲ್ಲಿ ಈ ಅರ್ಥ ಇಲ್ಲ, ನಾನು ಸೇರಿಸಿಕೊಂಡಿದ್ದು. ಆದರೆ ಕೊಕ್ಕರೆ–ಕರಡಿ ಬಂದಾಗ ಅಡ್ಡಗಾಲು ಹಾಕುವ ಹಿರಿಯರನ್ನು ಹುಡುಕುವಷ್ಟೇ ಜಾಂಬವಂತನಂಥ ಹಿರಿಯರನ್ನೂ ಹುಡುಕಿ. ಒಂದೇ ಮನೆಯಲ್ಲಿ ಇಬ್ಬರೂ ಇರುತ್ತಾರೆ. ಕೆಲವು ಸಲ ಇಬ್ಬರೂ ಒಬ್ಬರೇ.

ಮೂರನೇ ಕಾರ್ಡ್ ಬೇಕಾದರೆ

ಎರಡರಲ್ಲಿ ಉತ್ತರ ಸಿಕ್ಕರೆ ಮೂರನೆಯದನ್ನು ಎತ್ತಬೇಡಿ. ಸಿಗದಿದ್ದರೆ ಬಲಕ್ಕೆ ಒಂದು ಸೇರಿಸಿ. ಬೆಟ್ಟ ಬಂದರೆ ತಡ, ಅಡ್ಡಿ. ಪತ್ರ ಬಂದರೆ ಲಿಖಿತದಲ್ಲಿ ಬರುವವರೆಗೆ ನಂಬಬೇಡಿ. ಮನೆ ಬಂದರೆ ಮನೆ ಬದಲಾವಣೆಯೇ ಇರಬಹುದು. ಹಡಗು ಬಂದರೆ ದೂರದೂರು, ಎಷ್ಟೋ ಜನಕ್ಕೆ ಅದು ವಿದೇಶ. ಶವಪೆಟ್ಟಿಗೆ ಬಂದರೆ ಹೌಹಾರಬೇಡಿ, ಒಂದು ಅಧ್ಯಾಯ ಮುಗಿಯಿತು ಅಂತ ಅಷ್ಟೇ. ಲಂಗರು ಬಂದರೆ ಬದಲಾವಣೆ ನೆಲೆ ನಿಲ್ಲುತ್ತದೆ.

ನಿಮ್ಮ ಹತ್ತಿರ ಟ್ಯಾರೋ ಇದ್ದರೆ

ಟ್ಯಾರೋದಲ್ಲಿ ಇದಕ್ಕೆ ಹತ್ತಿರದ ಜೋಡಿ 'ಸ್ಟ್ರೆಂತ್' ಮತ್ತು 'ಡೆತ್'. 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟಿನ ಚಿತ್ರಗಳೇ ಇವತ್ತು ಎಲ್ಲರ ಕೈಲಿರುವುದು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರ ಪಮೇಲಾ ಕೋಲ್ಮನ್ ಸ್ಮಿತ್ ಅವರದು. ಎರಡು ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನಿಧಾನಕ್ಕೆ ನೋಡಿ. ಮೊದಲನೆಯದರಲ್ಲಿ ಬಿಳಿ ಬಟ್ಟೆಯ ಹೆಂಗಸು ಸಿಂಹದ ದವಡೆಗೆ ಬರಿಗೈ ಇಟ್ಟಿದ್ದಾಳೆ. ಕೈಯಲ್ಲಿ ಕೋಲಿಲ್ಲ, ಹಗ್ಗವಿಲ್ಲ. ಸೊಂಟಕ್ಕೆ ಹೂವಿನ ಹಾರ. ಎರಡನೆಯದರಲ್ಲಿ ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆ ಏರಿ ಬರುತ್ತಿದೆ. ರಾಜ ಬಿದ್ದಿದ್ದಾನೆ, ಧರ್ಮಗುರು ಕೈ ಜೋಡಿಸಿದ್ದಾನೆ, ಹುಡುಗಿ ಮುಖ ತಿರುಗಿಸಿದ್ದಾಳೆ, ಪುಟ್ಟ ಮಗು ಮಾತ್ರ ಎದುರಿಗೇ ಮಂಡಿಯೂರಿದೆ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ.

ಇಲ್ಲಿ ಬಲ ನಿಮ್ಮದೇ, ಒಳಗಿನದು, ಸದ್ದಿಲ್ಲದ್ದು. ಡೆತ್ ಅಂದರೆ ಸಾವು ಅಂತ ಓದುವುದಿಲ್ಲ, ಒಂದು ಹಂತದ ಮುಕ್ತಾಯ ಅಂತ ಓದುತ್ತಾರೆ. ಜೋಡಿಯಾಗಿ ನೋಡಿದಾಗ ನಾನು ಕೇಳುವ ಪ್ರಶ್ನೆ, ಆ ನಾಲ್ವರಲ್ಲಿ ನೀವು ಯಾರ ಜಾಗದಲ್ಲಿದ್ದೀರಿ ಅಂತ. ಮುಖ ತಿರುಗಿಸಿಕೊಂಡವರಿಗೆ ಸಿಂಹದ ದವಡೆ ಹಿಡಿಯೋಕಾಗಲ್ಲ. ಹಳೆಯ ಮಾರ್ಸೇ ಮಾದರಿಯ ಕಟ್ಟು ನಿಮ್ಮಲ್ಲಿದ್ದರೆ ಸ್ಟ್ರೆಂತ್‌ನ ಸಂಖ್ಯೆ 11 ಇರುತ್ತದೆ, ವೇಟ್ ಕಟ್ಟಿನಲ್ಲಿ 8. ವೇಟ್ ಅದನ್ನು ನ್ಯಾಯದ ಕಾರ್ಡಿನ ಜೊತೆ ಅದಲುಬದಲು ಮಾಡಿದರು. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ.

ಎರಡು ಪದ್ಧತಿಯನ್ನು ಬೆರೆಸಬೇಡಿ ಅನ್ನುವುದು ನನ್ನ ಹಟ. ಟ್ಯಾರೋದ ಸಿಂಹವನ್ನು ತಂದು ಲೆನೋರ್ಮಾಂಡಿನ ಕರಡಿಗೆ ಅಂಟಿಸಿದ್ದರಿಂದಲೇ "ನಿಮ್ಮೊಳಗೆ ಅಪಾರ ಶಕ್ತಿ ಇದೆ" ಅನ್ನುವ ಸವಕಲು ಮಾತು ಹುಟ್ಟಿಕೊಂಡದ್ದು.

ಹೇಳಬಾರದ ಮಾತುಗಳು

ಬೇರೆಯವರಿಗೆ ಓದುವಾಗ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೊಕ್ಕರೆ ಬಂತು ಅಂತ "ಮಗು ಆಗುತ್ತೆ" ಅನ್ನಬೇಡಿ. ಎದುರಿಗೆ ಕೂತವರು ಅದಕ್ಕಾಗಿ ಎಷ್ಟು ಆಸ್ಪತ್ರೆ, ಎಷ್ಟು ಹರಕೆ, ಎಷ್ಟು ಜನರ ಮಾತು ದಾಟಿ ಬಂದಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಬೇಡ ಅಂತ ನಿರ್ಧರಿಸಿದವರೂ ಇರಬಹುದು. ಪುಸ್ತಕದಲ್ಲಿ ಆ ಅರ್ಥ ಇದ್ದರೂ ಬಾಯಿಗೆ ತರಬೇಡಿ. ಕಾಯಿಲೆ, ಕೋರ್ಟು, ಸಾಲ ಇವುಗಳಿಗೂ ಕಾರ್ಡ್ ಎತ್ತಬೇಡಿ. ಅದಕ್ಕೆ ಡಾಕ್ಟರು, ವಕೀಲರು, ಲೆಕ್ಕ ಗೊತ್ತಿರುವವರು ಇದ್ದಾರೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ಬಂದು ಕರಡಿಯ ಕಾರ್ಡ್ ಹಿಡಿದು ಕೂತರೆ, ಕಟ್ಟು ಮುಚ್ಚಿ. 181 ಮಹಿಳಾ ಸಹಾಯವಾಣಿಯ ನಂಬರ್ ಕೊಡಿ.

ಕಾರ್ಡಿಗೆ ಮುಂದಾಗುವುದು ಗೊತ್ತಿರುತ್ತದೆ ಅಂತ ನಾನು ನಂಬುವುದಿಲ್ಲ. ಎರಡು ಚಿತ್ರ ಎದುರಿಗಿದ್ದರೆ ಸುಮ್ಮನೆ ಕೂತಾಗ ಹೊಳೆಯದ ಪ್ರಶ್ನೆ ಹೊಳೆಯುತ್ತದೆ, ಅಷ್ಟು ಉಪಯೋಗ ಸಾಕು. "ಆದರೆ ಸರಿಯಾಗಿ ಹೇಳಿತಲ್ಲ!" ಅನ್ನಿಸುವುದೂ ಸಹಜ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, "ಇದು ನಿನ್ನ ಸ್ವಭಾವದ ವರದಿ" ಅಂತ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೇಳಿದಾಗ ಸರಾಸರಿ 4.26 ಬಂತು. ಅಷ್ಟೂ ಹಾಳೆಯಲ್ಲಿ ಇದ್ದದ್ದು ಒಂದೇ ಬರಹ, ಅದರ ಬಹುಪಾಲು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ನಿಮ್ಮ ಓದು ಆ ಹಾಳೆಯಂತೆ ಆಗಬಾರದು ಅಂದರೆ ಬರೆದ ವಾಕ್ಯವನ್ನು ಪಕ್ಕದ ಮನೆಯವರಿಗೆ ಹೊಂದಿಸಿ ನೋಡಿ. ಅವರಿಗೂ ಹೊಂದಿತಾ? ಹಾಗಾದರೆ ಹೊಡೆದುಹಾಕಿ ಮತ್ತೆ ಬರೆಯಿರಿ. "ಬದಲಾವಣೆಗೆ ಧೈರ್ಯ ಬೇಕು" ಊರಿಗೆಲ್ಲ ಹೊಂದುತ್ತದೆ. "ಫಾರ್ಮ್ ತುಂಬುವ ಮುಂಚೆ ಅತ್ತೆಯನ್ನು ಕೇಳು" ಅನ್ನುವುದು ಒಬ್ಬರಿಗೇ.

ಒಂದು ನೋಟ್‌ಬುಕ್ ಇಡಿ. ತಾರೀಕು, ಪ್ರಶ್ನೆ, ಎರಡು ಕಾರ್ಡು ಯಾವ ಕ್ರಮದಲ್ಲಿ ಬಂದವು, ನೀವು ಬರೆದ ಒಂದು ವಾಕ್ಯ. ಪಕ್ಕದಲ್ಲಿ ಖಾಲಿ ಜಾಗ ಬಿಡಿ. ಪ್ರಶ್ನೆಯ ಅವಧಿ ಮುಗಿದ ಮೇಲೆ ನಿಜಕ್ಕೂ ಏನಾಯಿತು ಅಂತ ಅಲ್ಲಿ ಬರೆಯಿರಿ. ಹೊಂದದೆ ಇದ್ದದ್ದನ್ನೂ ಬರೆಯಿರಿ, ಅದನ್ನೇ ಜಾಸ್ತಿ ಬರೆಯಿರಿ.

ಕೈ ಕೂರುವವರೆಗೆ ಒಂದು ಅಭ್ಯಾಸ ಮಾಡಬಹುದು. ಕಟ್ಟಿನಿಂದ ಕಳಾವರ್ ಹತ್ತನ್ನು ತೆಗೆದು ಮೇಜಿನ ನಡುವೆ ಇಡಿ. ಉಳಿದ 35ನ್ನು ಕಲೆಸಿ ಒಂದನ್ನು ಅದರ ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ. ಎಡದ್ದನ್ನು ಕರಡಿಯ ಜೊತೆ ಓದಿ ಒಂದು ವಾಕ್ಯ, ಕರಡಿಯನ್ನು ಬಲದ್ದರ ಜೊತೆ ಓದಿ ಇನ್ನೊಂದು. ಎಡಕ್ಕೆ ಮನೆ, ಬಲಕ್ಕೆ ಇಲಿ ಬಂತು ಅನ್ನಿ: ದೊಡ್ಡವರ ಹಿಡಿತದಲ್ಲಿರುವ ಮನೆ, ಚೂರುಚೂರೇ ಸವೆಯುತ್ತಿರುವ ಹಿಡಿತ. ಮರುದಿನ ಕರಡಿಯ ಜಾಗಕ್ಕೆ ಆಟೀನ್ ರಾಣಿಯನ್ನು ಇಟ್ಟು ಅದನ್ನೇ ಮಾಡಿ.